ನಾಲ್ಕು ನಿಮಿಷದ ಅಪ್ಪ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ನನ್ನದು.

ಎರಡು ವರ್ಷದ ಹಿಂದೆ, ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನ ಫೈರ್ ಎಕ್ಸಿಟ್ ಮೆಟ್ಟಿಲ ಮೇಲೆ ನಿಂತು, ನಾನು ಸರಿಯಾಗಿ ನಾಲ್ಕು ನಿಮಿಷ ಒಬ್ಬನ ಅಪ್ಪನಾಗಿದ್ದೆ. ಮಗನಿಗೆ ನನಗಿಂತ ಒಂದು ವರ್ಷ ಜಾಸ್ತಿ ವಯಸ್ಸು. ಸೊಸೆ ನನ್ನದೇ ಫ್ಲೋರಿನಲ್ಲಿ ಕೆಲಸ ಮಾಡುವವಳು. ಫೋನಿನ ಆ ತುದಿಯಲ್ಲಿದ್ದದ್ದು ಬ್ಯಾಂಕು.

ಈ ಅಂಕಣ ಓದುವ ನಿಮಗೆ ನನ್ನ ಚಟ ಗೊತ್ತು. ಯಾರ ದನಿ ಕಿವಿಗೆ ಬಿದ್ದರೂ ಅರ್ಧ ಗಂಟೆಯೊಳಗೆ ಅದು ನನ್ನ ಬಾಯಲ್ಲಿರುತ್ತದೆ. ನಮ್ಮ ಮ್ಯಾನೇಜರ್, ಕ್ಯಾಬ್ ಡ್ರೈವರ್, ಅಪಾರ್ಟ್‌ಮೆಂಟ್ ಸೆಕ್ರೆಟರಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. (ನಿನ್ನ ಸ್ವಂತ ದನಿ ಯಾವುದೋ ಎಂದು ಅಮ್ಮ ಆಗಾಗ ಕೇಳುತ್ತಾರೆ. ಹುಡುಕುತ್ತಿದ್ದೇನೆ.) ಜನ ನಗುತ್ತಾರೆ. ನಗಿಸುವುದರಿಂದ ಯಾರಿಗೆ ಏನು ನಷ್ಟ ಅಂದುಕೊಂಡಿದ್ದೆ.

ಒಂದು ಮನೆ ನಷ್ಟ. ಅದರ ಕತೆ ಹೇಳುತ್ತೇನೆ.

ಬಸವರಾಜ, ನಮಗೆಲ್ಲ ಬಸು, ರೋಣದ ಕಡೆಯವನು. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಬೆಂಗಳೂರಲ್ಲಿ ನನ್ನ ಮೊದಲ ರೂಮ್‌ಮೇಟ್. ನಳಿನಿ ಮಾಲೂರಿನವಳು, ನಮ್ಮ ಆಫೀಸಿನ ಪೇರೋಲ್ ವಿಭಾಗದವಳು. ಇಬ್ಬರಿಗೂ ಪರಿಚಯ ಮಾಡಿಸಿದ್ದು ಕೂಡ ನಾನೇ. (ಚಾರ್ಜ್‌ಶೀಟ್ ಉದ್ದವಿದೆ, ತಾಳ್ಮೆಯಿರಲಿ.)

ಇಬ್ಬರೂ ಒಟ್ಟಿಗೆ ಬದುಕತೊಡಗಿದರು. ಮದುವೆಯಾಗಿರಲಿಲ್ಲ. ಮೂರು ವರ್ಷದಲ್ಲಿ ಮೂರು ಬಾಡಿಗೆ ಮನೆ. ಮೊದಲ ಮನೆಯಲ್ಲಿ ಬಸು ಅವಳ ‘ಕಸಿನ್’ ಆಗಿದ್ದ. ಎರಡನೆಯದರಲ್ಲಿ ‘ಮದುವೆ ಫಿಕ್ಸ್ ಆಗಿದೆ’ ಅಂದಿದ್ದರು, ಓನರಮ್ಮ ಪ್ರತಿ ತಿಂಗಳೂ ಬಾಡಿಗೆಯ ಜೊತೆಗೆ ಮುಹೂರ್ತವನ್ನೂ ಕೇಳತೊಡಗಿದರು. ಮೂರನೆಯದು ಚಂದಾಪುರದಲ್ಲಿ. ಅಷ್ಟೊತ್ತಿಗೆ ನಳಿನಿ ಬಸ್ ಸ್ಟ್ಯಾಂಡಿನ ಹತ್ತಿರದ ಫ್ಯಾನ್ಸಿ ಸ್ಟೋರಿನಿಂದ ಒಂದು ಕರಿಮಣಿ ಸರ ತಂದು ಹಾಕಿಕೊಂಡಿದ್ದಳು. ಆದರೂ ಓನರ್ ಗೌಡರು ಬಿಡಬೇಕಲ್ಲ? ನೀರಿನ ಮೋಟರ್ ಆನ್ ಮಾಡಲು ಬಂದಾಗಲೆಲ್ಲ ಮೆಟ್ಟಿಲ ಬಳಿ ನಿಂತು, “ಅಲ್ಲ ಕಣವ್ವ, ನಿಮ್ ಅತ್ತೆ ಮಾವ ಒಂದಪನಾರ ಬರ್ಲೇ ಇಲ್ವಲ್ಲ, ಯಾಕಂಗೆ?” ಅನ್ನುತ್ತಿದ್ದರು.

ಆ ಗೌಡರನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆನೆಂದರೆ, ಒಮ್ಮೆ ಬಾಗಿಲ ಹೊರಗೆ ನಿಂತು “ಅಂಗಾರೆ ಮನೆ ಖಾಲಿ ಮಾಡ್ರಪ್ಪ” ಅಂದಾಗ ನಳಿನಿ ಅತ್ತೇಬಿಟ್ಟಳು. ನಾನು ಒಳಗೆ ಬಂದು ಹಲ್ಲುಕಿರಿದೆ. ಅವಳು ಕಣ್ಣೊರೆಸಿಕೊಂಡು ಒಂದೇ ಮಾತು ಹೇಳಿದಳು: “ನಂಗೆ ಯಾರೂ ಬಂದು ‘ಅವ್ರು ಯಾರಮ್ಮ’ ಅಂತ ಕೇಳದೇ ಇರೋ ಒಂದು ಬಾಗಿಲು ಬೇಕು ಕಣೋ. ಅಷ್ಟೇ.”

ಹಾಗಾದರೆ ಮದುವೆ ಯಾಕಾಗಲಿಲ್ಲ? ಜಾತಿ ಬೇರೆ. ಬಸುಗೆ ಅಪ್ಪನ ಭಯ. ಅಪ್ಪ ಊರಲ್ಲಿ ಟೇಲರ್. ತಾಯಿ ಇಲ್ಲ.

“ಅಪ್ಪ ಒಪ್ಪೂದಿಲ್ಲ ಗುರು,” ಅನ್ನುತ್ತಿದ್ದ.

“ಕೇಳಿದ್ಯಾ?”

“ಕೇಳೂದೇನೈತಿ. ಗೊತ್ತೈತಿ ನನಗ.”

ಈ ಮಾತು ನೆನಪಿಟ್ಟುಕೊಳ್ಳಿ. ನಾವು ಮೂವರೂ ಮರೆತಿದ್ದೆವು.

ಚಂದಾಪುರದಿಂದ ಆನೇಕಲ್‌ಗೆ ಹೋಗುವ ರಸ್ತೆಯಲ್ಲಿ ಒಂದು ಫ್ಲಾಟ್ ಸಿಕ್ಕಿತು. ಎರಡನೇ ಮಹಡಿ, ಎರಡು ಬೆಡ್‌ರೂಮು, ಬಾಲ್ಕನಿಯಿಂದ ನೋಡಿದರೆ ಇನ್ನೊಂದು ಬಾಲ್ಕನಿ. ಇಬ್ಬರ ಉಳಿತಾಯ ಸೇರಿಸಿದರು. ಮಿಕ್ಕಿದ್ದಕ್ಕೆ ಲೋನ್. ಮದುವೆಯಾಗದ ಇಬ್ಬರು ಸೇರಿ ಮನೆ ಕೊಳ್ಳಬಾರದು ಎಂದು ಯಾವ ಕಾನೂನಿನಲ್ಲೂ ಇಲ್ಲ. ಅಣ್ಣ ತಮ್ಮ ಕೊಳ್ಳುವುದಿಲ್ಲವೆ? ಸ್ನೇಹಿತರಿಬ್ಬರು ಸೈಟು ತೆಗೆದುಕೊಳ್ಳುವುದಿಲ್ಲವೆ? ಆದರೆ ಅರ್ಜಿಯಲ್ಲಿ ‘ಸಹ ಅರ್ಜಿದಾರರೊಂದಿಗೆ ಇರುವ ಸಂಬಂಧ’ ಎಂಬ ಒಂದು ಸಾಲಿತ್ತು. ಗೌಡರ ಪ್ರಶ್ನೆಯೇ. ಪ್ಯಾಂಟು ಶರಟು ಹಾಕಿಕೊಂಡು ಬಂದಿತ್ತು.

ಲೋನ್ ಏಜೆಂಟ್ ಬಹಳ ಅವಸರದ ಮನುಷ್ಯ. “ಫ್ರೆಂಡ್ ಅಂತ ಹಾಕಿದ್ರೆ ಈ ಬ್ಯಾಂಕಲ್ಲಿ ಫೈಲ್ ಮುಂದಕ್ಕೇ ಹೋಗಲ್ಲ ಸಾರ್. ಹಸ್ಬೆಂಡ್ ವೈಫ್ ಅಂತ ಬರೀರಿ. ಸರ್ಟಿಫಿಕೇಟ್ ಇನ್ನೂ ಮಾಡ್ಸಿಲ್ಲ ಅಂತ ನಾನ್ ಮ್ಯಾನೇಜ್ ಮಾಡ್ತೀನಿ. ಹುಡುಗನ ಫಾದರ್ ಫೋನಲ್ಲಿ ಒಂದ್ಸಲ ಹೂಂ ಅಂದ್ಬಿಟ್ರೆ ಮುಗೀತು,” ಅಂದ.

ನಳಿನಿಗೆ ಇಷ್ಟವಾಗಲಿಲ್ಲ. “ಬೇರೆ ಬ್ಯಾಂಕ್ ನೋಡೋಣ. ನಿಜ ಹೇಳಿದ್ರೂ ಕೊಡೋರು ಇದ್ದಾರಂತೆ, ಸ್ವಲ್ಪ ಪೇಪರ್ ಜಾಸ್ತಿ ಕೇಳ್ತಾರಂತೆ. ಒಂದ್ ತಿಂಗಳು ಲೇಟಾದ್ರೆ ಏನೀಗ?” ಅಂದಳು.

ನಾನು ಏನು ಮಾಡಿದೆ ಗೊತ್ತೆ? ಕನ್ನಡಕ ಮೂಗಿನ ತುದಿಗೆ ತಂದುಕೊಂಡು, ಅವಳದೇ ದನಿಯಲ್ಲಿ, ಅವಳು ಪೇರೋಲ್‌ನಲ್ಲಿ ಮಾತಾಡುವ ಹಾಗೆ, “ಸಾರ್, ನಿಮ್ಮ ಪ್ರೀತಿಯ ಒರಿಜಿನಲ್ ಬಿಲ್ ಅಟ್ಯಾಚ್ ಮಾಡಿಲ್ಲ, ಕ್ಲೇಮ್ ರಿಜೆಕ್ಟ್ ಆಗಿದೆ,” ಅಂದೆ. ಬಸು ಬಿದ್ದು ಬಿದ್ದು ನಕ್ಕ. ಏಜೆಂಟ್ ನಕ್ಕ. ಕೊನೆಗೆ ನಳಿನಿಯೂ ನಕ್ಕು, “ಏನಾದ್ರೂ ಮಾಡ್ಕೊಳ್ರೋ,” ಅಂದಳು.

ಆ ದಿನ ಆ ಮೇಜಿನ ಸುತ್ತ ಬುದ್ಧಿಯ ಮಾತಾಡಿದ್ದು ಒಬ್ಬಳೇ. ಅವಳನ್ನು ನಾನು ಜೋಕು ಮಾಡಿ ಸುಮ್ಮನಾಗಿಸಿದೆ.

ಮೂರನೇ ದಿನ ಫೋನು ಬಂತು. ಆಫರ್ ಆಸೆಗೆ ಇಟ್ಟುಕೊಂಡಿದ್ದ ನನ್ನ ಎರಡನೇ ಸಿಮ್‌ಗೆ. ಅರ್ಜಿಯಲ್ಲಿ ಅಪ್ಪನ ನಂಬರ್ ಅಂತ ಬರೆದುಕೊಟ್ಟಿದ್ದು ಅದನ್ನೇ. ಆ ನಂಬರಿಗೆ ಕೋಳಿ ಕೂಗುವ ರಿಂಗ್‌ಟೋನ್ ಇಟ್ಟಿದ್ದೆ, ‘ಅಪ್ಪ’ನ ಕರೆ ಎಂದು ಮರೆಯದಿರಲಿ ಅಂತ. ಫೈರ್ ಎಕ್ಸಿಟ್ ಕಡೆ ಓಡಿದೆ. ಬಸುವಿನ ಅಪ್ಪನ ದನಿ ನಾನು ಯಾವತ್ತೂ ಕೇಳಿರಲಿಲ್ಲ. ಬಸು ಅವರ ಹೆಸರು ಬಂದಾಗ ಹೇಗೆ ಮುದುಡಿಕೊಳ್ಳುತ್ತಿದ್ದನೋ ಅದರ ಅಳತೆಗೆ ಒಂದು ದನಿ ಕಟ್ಟಿದೆ. ದೊಡ್ಡ ದನಿ. ಮೀಸೆಯಿರುವ ದನಿ.

“ಸಾರ್, ಬಸವರಾಜ್ ಅವರ ಫಾದರಾ?”

“ಹೌದ್ರೀ. ಯಾರದು?”

“ನಳಿನಿ ಅನ್ನೋರು ನಿಮಗೇನಾಗ್ಬೇಕು ಸಾರ್?”

“ಏ, ಅದೇನ ಕೇಳ್ತೀರಿ! ನಮ್ಮ ಸೊಸಿ ರೀ ಆಕಿ. ಬಂಗಾರದಂಥಾಕಿ. ಲಗ್ನದಾಗ ಎರಡ ಸಾವಿರ ಮಂದಿ ಉಂಡ್ಹೋದರು. ನಿಮ್ಮ ನಂಬರ ಇದ್ದಿದ್ರ ನಿಮ್ಮನೂ ಕರೀತಿದ್ದೆ ನೋಡ್ರಿ!”

ಆ ಕಡೆಯವನು ನಕ್ಕು ಫೋನಿಟ್ಟ. ಲೋನ್ ಬಂತು. ಬ್ಯಾಂಕಿನ ಕಾಗದ ನೋಡಿಕೊಂಡು ಪತ್ರ ಬರೆಯುವವರು ಕ್ರಯಪತ್ರದಲ್ಲೂ ‘ಶ್ರೀಮತಿ ನಳಿನಿ ಕೋಂ ಬಸವರಾಜ’ ಎಂದು ಟೈಪ್ ಮಾಡಿದರು. ನಮ್ಮ ಪತ್ರಗಳ ಭಾಷೆಯಲ್ಲಿ ಕೋಂ ಎಂದರೆ ಇಂಥವರ ಹೆಂಡತಿ. ಸಾಕ್ಷಿ ಸಹಿ ಯಾರದು? ಕೇಳಲೇಬೇಡಿ.

ಹೊಸ ಮನೆಯಲ್ಲಿ ನಳಿನಿ ಮಾಡಿಸಿದ್ದು ಒಂದೇ ಕೆಲಸ. ಅವಳು ಕುಳ್ಳಿ. ಬಾಡಿಗೆ ಮನೆಗಳಲ್ಲೆಲ್ಲ ಮಣೆಯ ಮೇಲೆ ನಿಂತು ಚಪಾತಿ ಲಟ್ಟಿಸಿದವಳು. ಇಲ್ಲಿ ಅಡುಗೆಮನೆಯ ಕಟ್ಟೆಯನ್ನು ಒಡೆಸಿ ನಾಲ್ಕು ಇಂಚು ತಗ್ಗಿಸಿದಳು. ಮೊದಲ ದಿನ ಅದರ ಮುಂದೆ ಚಪ್ಪಟೆ ಪಾದ ಊರಿ ನಿಂತು, “ನೋಡ್ರೋ, ನೆಲದ ಮೇಲಿದೀನಿ!” ಅಂದಳು. ಬಾಗಿಲ ಬೆಲ್ ಹೊಡೆದು ‘ಅವ್ರು ಯಾರಮ್ಮ’ ಎಂದು ಕೇಳಲು ಯಾರೂ ಬರಲಿಲ್ಲ. ಕರಿಮಣಿ ಸರ ಬಿಚ್ಚಿ ಡ್ರಾಯರಿಗೆ ಹಾಕಿದಳು.

ಬೇರೆಯವರ ಪ್ರಶ್ನೆ ನಿಂತಿತು. ಅವಳದೇ ಪ್ರಶ್ನೆ ಶುರುವಾಯಿತು. “ಅಪ್ಪಂಗೆ ಯಾವಾಗ ಹೇಳ್ತೀಯ?” ಯುಗಾದಿಗೆ ಅಂದ. ದಸರಾಕ್ಕೆ ಅಂದ. ತಂಗಿಯ ಬಾಣಂತನ ಮುಗಿಯಲಿ ಅಂದ. ಎರಡನೇ ಯುಗಾದಿಗೆ ಊರಿಗೆ ಹೋಗಿ, ಹೋಳಿಗೆ ತಿಂದು, ಹೇಳದೇ ವಾಪಸ್ ಬಂದ. ಆ ಸಂಜೆ ಅವಳು ಜಗಳವಾಡಲಿಲ್ಲವಂತೆ. ಅವನ ಬಟ್ಟೆ ಇಸ್ತ್ರಿ ಮಾಡಿ, ಮಡಚಿ, ಬ್ಯಾಗಿಗೆ ತುಂಬಿಕೊಟ್ಟಳಂತೆ. ಬಸು ಪೀಣ್ಯದಲ್ಲಿ ಹೊಸ ಕೆಲಸ ಹಿಡಿದು ಅಲ್ಲೇ ಒಂದು ರೂಮಿಗೆ ಹೋದ.

ನನಗೆ ನಳಿನಿ ಹೇಳಿದ್ದು ಇಷ್ಟು: “ಅವನು ಬೇಡ. ಮನೆ ಬೇಕು.”

ಬಸುವಿನದೇನೂ ತಕರಾರಿರಲಿಲ್ಲ. ಅವನ ಪಾಲನ್ನು ಅವಳ ಹೆಸರಿಗೆ ಮಾಡಿಕೊಡಲು ಸಿದ್ಧನಿದ್ದ. ಅವನು ಹಾಕಿದ್ದನ್ನು ಅವಳು ನಿಧಾನವಾಗಿ ಕೊಡುವುದು, ಲೋನ್ ಅವಳೊಬ್ಬಳ ಹೆಸರಿಗೆ ಬರುವುದು. ಒಳ್ಳೆಯ ಜನ ಬೇರೆಯಾದರೆ ಎಷ್ಟು ಸಲೀಸು ಅಲ್ಲವೆ? ಮೂವರೂ ಬ್ಯಾಂಕಿಗೆ ಹೋದೆವು.

ಆಫೀಸರ್ ಫೈಲ್ ತಿರುಗಿಸಿ ನೋಡಿ, ಮೃದುವಾಗಿಯೇ ಕೇಳಿದರು. “ಡೈವೋರ್ಸ್ ಡಿಕ್ರಿ ತಂದಿದೀರಾ?”

“ಡೈವೋರ್ಸ್ ಆಗಿಲ್ಲ ಸಾರ್,” ಅಂದ ಬಸು.

“ಆದ್ಮೇಲೆ ಬನ್ನಿ.”

“ಆಗೋಕೆ ಬರಲ್ಲ ಸಾರ್. ಮದುವೆನೇ ಆಗಿಲ್ಲ.”

ಡೈವೋರ್ಸ್ ಆಗಬೇಕಾದರೆ ಇವರಿಬ್ಬರೂ ಮೊದಲು ಮದುವೆಯಾಗಬೇಕು. ಬೇರೆಯಾಗಲು ತಾಳಿ ಕಟ್ಟಬೇಕು! ಬೇರೆ ದಿನವಾಗಿದ್ದರೆ ಇದನ್ನಿಟ್ಟುಕೊಂಡು ನಾನು ಒಂದು ವಾರ ಕ್ಯಾಂಟೀನ್ ನಗಿಸುತ್ತಿದ್ದೆ.

ಆಫೀಸರ್ ಹುಬ್ಬು ಗಂಟಿಕ್ಕಿದರು. “ಏನ್ರೀ ಹೀಗಂದ್ರೆ? ಹುಡುಗನ ತಂದೆ ಕನ್ಫರ್ಮ್ ಮಾಡಿದ್ದಾರೆ ಅಂತ ಇಲ್ಲಿ ರಿಪೋರ್ಟ್ ಇದೆ. ನಂಬರ್ ಕೂಡ ಇದೆ. ತಡೀರಿ, ಅವರನ್ನೇ ಕೇಳೋಣ.” ಟೇಬಲ್ ಫೋನ್ ಎತ್ತಿ ಗುಂಡಿ ಒತ್ತತೊಡಗಿದರು.

ಒಂದು, ಎರಡು, ಮೂರು ಸೆಕೆಂಡ್.

ನನ್ನ ಪ್ಯಾಂಟ್ ಜೇಬಿನಲ್ಲಿ ಕೋಳಿ ಕೂಗಿತು.

ಇಡೀ ಬ್ಯಾಂಕು ತಿರುಗಿ ನೋಡಿತು. ಪಾಸ್‌ಬುಕ್ ಎಂಟ್ರಿಗೆ ನಿಂತಿದ್ದ ಅಜ್ಜ ಸಹ. ಕೋಳಿ ಎರಡನೇ ಸಲ ಕೂಗಿತು. ನಾನು ತೆಗೆಯಲೂ ಇಲ್ಲ, ಕಟ್ ಮಾಡಲೂ ಇಲ್ಲ. ಜೇಬನ್ನು ಅಂಗೈಯಿಂದ ಒತ್ತಿ ಹಿಡಿದೆ. ಆಫೀಸರ್ ರಿಸೀವರನ್ನು ಕಿವಿಯಲ್ಲೇ ಹಿಡಿದು, ಕೋಳಿ ಸುಮ್ಮನಾಗುವವರೆಗೆ ನನ್ನನ್ನೇ ನೋಡಿದರು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಳಿನಿಗೆ ಹೇಳಿದರು: “ಮೇಡಂ, ನಿಮ್ಮೊಬ್ಬರ ಸಂಬಳಕ್ಕೆ ಇಷ್ಟು ಲೋನ್ ಬರಲ್ಲ. ಫೈಲ್ ಕ್ಲೀನ್ ಆಗಿದ್ದಿದ್ರೆ ಮನೆಯವರು ಯಾರನ್ನಾದ್ರೂ ಜೊತೆಗೆ ಹಾಕ್ಕೊಂಡು ಏನೋ ದಾರಿ ನೋಡ್ಬಹುದಿತ್ತು. ಸುಳ್ಳು ಮಾಹಿತಿ ಇರೋ ಫೈಲ್ ಹಿಡ್ಕೊಂಡು ನಾನು ಮೇಲಿನೋರ ಹತ್ರ ಹೋಗೋಕಾಗಲ್ಲ. ಮಾರಿ, ಸಾಲ ತೀರಿಸಿ, ನಾನೂ ಇದನ್ನ ದೊಡ್ಡದು ಮಾಡಲ್ಲ. ಒಂದೇ ಕಂಡೀಷನ್. ಮದುವೆ ಆಗಿದೆ ಅಂತ ನಮ್ಮ ರೆಕಾರ್ಡಲ್ಲಿ ತಂದೆ ಹೇಳಿದ್ದಾರೆ. ಆಗಿಲ್ಲ ಅಂತಾನೂ ತಂದೆನೇ ಬರೆದುಕೊಡ್ಬೇಕು.” ಆಮೇಲೆ ನನ್ನ ಕಡೆ ತಿರುಗಿದರು. “ನಿಜವಾದ ತಂದೆ.”

ಅಲ್ಲಿಂದ ನೇರ ಆನೇಕಲ್‌ನ ಒಬ್ಬ ಲಾಯರ್ ಮೇಡಂ ಹತ್ತಿರ ಹೋದೆವು. ಎರಡು ವರ್ಷ ಮುಂಚೆ ಹೋಗಬೇಕಿತ್ತು. ಅವರು ಎಲ್ಲ ಕೇಳಿಸಿಕೊಂಡು, “ಇವರು ಯಾರು?” ಎಂದು ನನ್ನನ್ನು ತೋರಿಸಿದರು.

“ಮಾವ,” ಅಂದಳು ನಳಿನಿ. ನಗದೆ.

ಲಾಯರ್ ಮೇಡಂ ಹೇಳಿದ್ದರಲ್ಲಿ ಒಂದು ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿದೆ. “ಮದುವೆಯಾದವರಿಗೆ ಅರ್ಧ ಕಾಗದ ಕಾನೂನೇ ಬರೆದಿಟ್ಟಿರುತ್ತೆ. ಆಗದೇ ಇರೋರು ಎಲ್ಲಾನೂ ತಾವೇ ಬರ್ಕೋಬೇಕು. ನೀವು ಬರ್ಕೊಂಡಿರೋದು ಒಂದೇ. ಸುಳ್ಳು.”

ಹಾಗಾದರೆ ಏನು ಬರೆದುಕೊಳ್ಳಬೇಕಿತ್ತು? (ನಿಮ್ಮಲ್ಲಿ ಯಾರಾದರೂ ಈ ದಾರಿಯಲ್ಲಿದ್ದರೆ ಇಲ್ಲಿ ಮೀಸೆ ಮರೆಯಲ್ಲಿ ನಗುವುದು ಬಿಟ್ಟು ಓದಿ.) ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಅವರವರ ತಂದೆಯ ಹೆಸರಿನೊಂದಿಗೆ, ಯಾರ ಪಾಲು ಎಷ್ಟು ಎಂಬುದರ ಸಮೇತ. ಪಾಲು ಬರೆಯದಿದ್ದರೆ ಮುಂದೊಂದು ದಿನ ಯಾರು ಎಷ್ಟು ಹಾಕಿದ್ದೆಂದು ತೋರಿಸಬೇಕಾಗುತ್ತದೆ, ತೋರಿಸಲಾಗದಿದ್ದರೆ ಸಮಪಾಲು ಅಂದುಕೊಳ್ಳುತ್ತಾರೆ. ಜೊತೆಗೆ ಇಬ್ಬರ ನಡುವೆ ಒಂದು ಪ್ರತ್ಯೇಕ ಕರಾರು: ಬೇರೆಯಾದರೆ ಮನೆ ಮೊದಲು ಯಾರಿಗೆ, ಬೆಲೆ ಕಟ್ಟುವವರು ಯಾರು, ಎಷ್ಟು ಕಾಲ ಟೈಮು. ಲೋನಿಗೆ ಇಬ್ಬರೂ ಸಹಿ ಹಾಕಿದ್ದರೆ ಒಬ್ಬ ಓಡಿಹೋದರೂ ಇನ್ನೊಬ್ಬರ ಹತ್ತಿರ ಪೂರ್ತಿ ಕೇಳುವ ಹಕ್ಕು ಬ್ಯಾಂಕಿಗಿದೆ. ಮತ್ತೆ ವಿಲ್. “ನಾಳೆ ಇವರಿಗೆ ಏನಾದ್ರೂ ಆದ್ರೆ ಇವರ ಪಾಲು ನಿಮಗೆ ಬರುತ್ತೆ ಅಂದ್ಕೊಂಡಿದ್ರಾ? ನೀವು ಹೆಂಡತಿ ಅಲ್ಲ, ವಾರಸುದಾರಳೂ ಅಲ್ಲ. ಇವರ ಮನೆಯವರು ಬಂದು ಪಕ್ಕದ ರೂಮಲ್ಲಿ ಕೂತ್ಕೋಬಹುದು,” ಅಂದರು ಮೇಡಂ. ಗಂಡ ಹೆಂಡಿರಾಗಿದ್ದರೆ ಪಾಲು ಬಿಟ್ಟುಕೊಡುವ ಪತ್ರಕ್ಕೆ ಕಡಿಮೆ ಸ್ಟಾಂಪ್ ಡ್ಯೂಟಿ. ಅಲ್ಲದವರು ಹೊರಗಿನವರ ಹಾಗೆಯೇ ಪೂರ್ತಿ ಕಟ್ಟಬೇಕು.

“ಈಗ ಏನ್ ಮಾಡ್ಬಹುದು ಮೇಡಂ?” ನಳಿನಿ ಕೇಳಿದಳು.

“ಮಾರಬಹುದು,” ಅಂದರು.

ಮನೆ ನೋಡಲು ಜನ ಬಂದರು. ಬ್ರೂಕ್‌ಫೀಲ್ಡ್‌ನಿಂದ ಬಂದ ಒಂದು ಜೋಡಿಗೆ ಇಷ್ಟವಾಯಿತು. ಗಂಡ ಹೆಂಡತಿಯೇ, ಸರ್ಟಿಫಿಕೇಟ್ ಸಮೇತ. ಆಯಮ್ಮ ಅಡುಗೆಮನೆಗೆ ಹೋಗಿ ಒಮ್ಮೆ ಬಗ್ಗಿ, ಎದ್ದು, “ಸ್ಲ್ಯಾಬ್ ತುಂಬಾ ಕೆಳಗಿದೆ. ಒಡೆಸ್ಬೇಕು,” ಅಂದರು. ನಳಿನಿ “ಹೂಂ, ಸುಲಭವಾಗಿ ಒಡೆಯುತ್ತೆ,” ಅಂದಳು. ಅಡ್ವಾನ್ಸ್ ತೆಗೆದುಕೊಂಡಾಯಿತು. ಮಿಕ್ಕಿದ್ದು ಅಪ್ಪನ ಅಫಿಡವಿಟ್ ಒಂದೇ.

ಬಸು ಅಂತೂ ಅಪ್ಪನಿಗೆ ಹೇಳಿದ. ಐದು ವರ್ಷದಿಂದ ಹೇಳದ ಮಾತನ್ನು ಬ್ಯಾಂಕಿನ ಕಂಡೀಷನ್ ಹೇಳಿಸಿತು. “ಅಪ್ಪ ಏನಂದ್ರು?” ಎಂದು ಕೇಳಿದೆ. “ಯಾವ ಬಸ್ಸಿಗೆ ಬರಬೇಕಂತ ಕೇಳಿದ,” ಅಂದ.

ಕಳೆದ ಸೋಮವಾರ ಬೆಳಿಗ್ಗೆ ಬಂದರು. ನಾನು ಮೀಸೆಯವರನ್ನು ಕಾಯುತ್ತಿದ್ದೆ. ಬಂದದ್ದು ಒಬ್ಬ ಸಣಕಲು ಮನುಷ್ಯ, ಬಿಳಿ ಅಂಗಿ, ಜೇಬಿನಲ್ಲಿ ಕನ್ನಡಕ, ಕೈಯಲ್ಲಿ ಬಟ್ಟೆಯ ಚೀಲ. ದನಿ ಎಷ್ಟು ಸಣ್ಣದೆಂದರೆ ಎರಡು ಸಲ “ಆಂ?” ಅನ್ನಬೇಕಾಯಿತು. ನನ್ನ ವೃತ್ತಿಜೀವನದ ಅತ್ಯಂತ ಕೆಟ್ಟ ಮಿಮಿಕ್ರಿ ಅದು ಎಂದು ಆಗ ಗೊತ್ತಾಯಿತು.

ನಳಿನಿ ಉಪ್ಪಿಟ್ಟು ಕೊಟ್ಟಳು. ಅವರು ತಿಂದು, ತಟ್ಟೆ ತಾವೇ ಎತ್ತಿಕೊಂಡು ಅಡುಗೆಮನೆಗೆ ಹೋದರು. ಕೈ ತೊಳೆದವರು ಅಲ್ಲೇ ನಿಂತರು. ಕಟ್ಟೆಯ ಅಂಚಿನ ಮೇಲೆ ಅಂಗೈ ಇಟ್ಟು, ಈ ತುದಿಯಿಂದ ಆ ತುದಿಗೆ ಸವರಿದರು, ಬಟ್ಟೆಯ ಮೇಲೆ ಸವರುವ ಹಾಗೆ. ಆಮೇಲೆ ನಳಿನಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಟೇಲರ್ ನೋಟ.

“ನಿನ್ನ ಅಳತಿಗೆ ಮಾಡಿಸೀಯಲ್ಲವಾ ಇದನ್ನ?”

“ಹೌದು.”

“ಫಿಟ್ಟಿಂಗ್ ಚಲೋ ಐತಿ.”

ಅವಳು ಗ್ಯಾಸ್ ಒರೆಸತೊಡಗಿದಳು. ಅದಾಗಲೇ ಚೊಕ್ಕವಾಗಿತ್ತು.

ನೋಟರಿಯ ಮೇಜು ಆನೇಕಲ್‌ನಲ್ಲಿ, ಕೋರ್ಟಿನ ಹೊರಗೆ, ಒಂದು ಹೊಂಗೆ ಮರದ ಕೆಳಗೆ. ‘ನನ್ನ ಮಗನಾದ ಬಸವರಾಜನಿಗೂ ನಳಿನಿ ಎಂಬುವವರಿಗೂ ಯಾವುದೇ ವಿವಾಹ ನಡೆದಿರುವುದಿಲ್ಲ’ ಎಂಬ ಸಾಲನ್ನು ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಬಸು ದೂರದಲ್ಲಿ ಸ್ಕೂಟರುಗಳ ನಂಬರ್ ಪ್ಲೇಟ್ ನೋಡುತ್ತಿದ್ದ. ನಳಿನಿ ಪಕ್ಕದಲ್ಲೇ ನಿಂತಿದ್ದಳು, ಬ್ಯಾಗಿನ ಪಟ್ಟಿ ಹಿಡಿದುಕೊಂಡು. ಅವರು ಸಹಿ ಹಾಕಿದರು. ನೋಟರಿ ಸೀಲು ಒತ್ತಿದ.

ಈಗಲಾದರೂ ಹೇಳದಿದ್ದರೆ ಆಗದು ಅನ್ನಿಸಿತು. ಹತ್ತಿರ ಹೋಗಿ, ಯಾರ ದನಿಯೂ ಅಲ್ಲದ ದನಿಯಲ್ಲಿ, “ಅವತ್ತು ಬ್ಯಾಂಕಿಗೆ ನಿಮ್ಮ ಹೆಸರಲ್ಲಿ ಮಾತಾಡಿದ್ದು ನಾನು. ತಪ್ಪಾಯ್ತು ಸಾರ್,” ಅಂದೆ.

“ಏನಂತ ಮಾತಾಡಿದ್ದಿ?”

“ನಮ್ಮ ಸೊಸೆ ಅಂದೆ. ಬಂಗಾರದಂಥವಳು ಅಂದೆ. ಮದುವೆಗೆ ಎರಡು ಸಾವಿರ ಜನ ಉಂಡ್ರು ಅಂದೆ.”

ಅವರು ಪೆನ್ನಿನ ಕ್ಯಾಪ್ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಮಗನ ಬೆನ್ನನ್ನು ಒಂದು ಗಳಿಗೆ ನೋಡಿದರು.

“ಮಂದಿ ಲೆಕ್ಕ ಜಾಸ್ತಿ ಆತು. ಉಳಿದದ್ದು, ಬಸ್ಯಾ ಒಮ್ಮೆ ನನ್ನ ಕೇಳಿದ್ದರ, ನಾನೂ ಅದನ್ನ ಹೇಳತಿದ್ದೆ.”